ಕಾರಿನ ವಾಟರ್ ಪಂಪ್ ಬಿಚ್ಚುವಾಗ ಬೋಲ್ಟ್ ಮುರಿದರೆ: ಎಲ್ಲಿ ಹಿಡಿದಿದೆ ಅಂತ ಮೊದಲು ನೋಡಿ

ಬೋಲ್ಟ್ ಮುರಿಯುವ ಮುಂಚೆ ಒಂದು ಕ್ಷಣ ಹಗುರ ಆಗುತ್ತದೆ. ಅಲ್ಲಿಯ ತನಕ ಕಲ್ಲಿನ ಹಾಗೆ ಕೂತಿದ್ದದ್ದು ಮೆತ್ತಗೆ ತಿರುಗೋಕೆ ಶುರು ಮಾಡುತ್ತದೆ. ಬಿಡ್ತು ಅಂತ ಕೈಗೆ ಖುಷಿ. ಅಷ್ಟರಲ್ಲಿ ಟಕ್ ಅಂತ ಸದ್ದು, ಪಾನಾದ ಜೊತೆ ಬೋಲ್ಟಿನ ತಲೆ ಕೈಗೆ ಬರುತ್ತದೆ. ಕಾರಿನ ವಾಟರ್ ಪಂಪ್, ಅಂದರೆ ಇಂಜಿನ್ ತಣ್ಣಗಿಡುವ ನೀರನ್ನು ಹರಿಸುವ ಪಂಪ್, ಅದರ ಕೆಲಸ ಮಾಡಿದವರಿಗೆ ಆ ಸದ್ದು ಗೊತ್ತು.

ಏಪ್ರಿಲ್ ತಿಂಗಳಲ್ಲಿ ಸಿರುಗುಪ್ಪ ಕಡೆಯ ಭತ್ತದ ರೈತರೊಬ್ಬರು ಬಳ್ಳಾರಿಯ ನಮ್ಮ ಶೆಡ್ಡಿಗೆ ಹಳೆಯ ಡೀಸೆಲ್ ಕಾರು ತಂದರು. ಪಂಪಿನಿಂದ ನೀರು ಸೋರುತ್ತಿತ್ತು. ಐದು ಬೋಲ್ಟು. ಮೂರು ಚೆನ್ನಾಗಿ ಬಂದವು, ಎರಡು ಮುರಿದವು. ಎರಡೂ ಒಂದೇ ಅಳತೆ, ಒಂದೇ ಪಂಪಿನವು. ಆದರೆ ಒಂದು ಐದು ನಿಮಿಷಕ್ಕೆ ಹೊರಗೆ ಬಂತು. ಇನ್ನೊಂದಕ್ಕೆ ಮರುದಿನ ಮಧ್ಯಾಹ್ನ ಆಯಿತು. ಒಂದು ಪಂಪಿನ ತೂತಿನಲ್ಲಿ ಹಿಡಿದಿತ್ತು, ಇನ್ನೊಂದು ಬ್ಲಾಕಿನ (ಇಂಜಿನ್ನಿನ ಮುಖ್ಯ ಎರಕ) ಥ್ರೆಡ್ಡಿನಲ್ಲಿ, ಅಂದರೆ ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆಯಲ್ಲಿ. ಎಲ್ಲಿ ಹಿಡಿದಿದೆ ಅಂತ ನೋಡದೆ ಡ್ರಿಲ್ ಎತ್ತಿಕೊಂಡಿದ್ದರೆ ಎರಡೂ ತೂತು ಕೆಡುತ್ತಿದ್ದವು.

ಪಂಪೇ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳಿ

ಬೇಡದ ಪಂಪ್ ಬಿಚ್ಚಿ ಬೋಲ್ಟ್ ಮುರಿದುಕೊಳ್ಳುವುದಕ್ಕಿಂತ ಬೇಜಾರಿನ ಕೆಲಸ ಇಲ್ಲ. ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬಹುದು. ಮುಚ್ಚಳ ತೆಗೆದ ಕೂಡಲೇ ಕುದ್ದು ಮುಖಕ್ಕೆ ಹಾರುತ್ತದೆ.

ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಅಂತ ಬಿಟ್ಟ ದಾರಿ ಅದು. ಅಲ್ಲಿ ಒಣಗಿದ ಕಲೆ ಸ್ವಲ್ಪ ಇದ್ದರೆ ಭಯ ಬೇಡ. ಹನಿ ನಿಂತಿದ್ದರೆ ಸೀಲ್ ಹೋಗಿದೆ. ಬೆಲ್ಟ್ ತೆಗೆದು ಪುಲ್ಲಿಯನ್ನು ಹಿಂದೆ ಮುಂದೆ ಅಲುಗಾಡಿಸಿ. ಆಟ ಇದ್ದರೆ, ತಿರುಗಿಸಿದಾಗ ಮರಳು ಅರೆದ ಹಾಗೆ ಸದ್ದು ಬಂದರೆ ಬೇರಿಂಗ್ ಮುಗಿದಿದೆ.

ಮೇಲಿನ ಹೋಸ್ ಅಥವಾ ಥರ್ಮೋಸ್ಟಾಟ್ ಡಬ್ಬಿಯಿಂದ ಸೋರಿದ ನೀರು ಕೂಡ ಇಳಿದು ಬಂದು ಪಂಪಿನ ಮೇಲೆಯೇ ನಿಲ್ಲುತ್ತದೆ. ನಮ್ಮ ಕಡೆ ಗಾಡಿಗಳಿಗೆ ಇದನ್ನು ಕಂಡುಹಿಡಿಯೋದು ಸುಲಭ. ತೋರಣಗಲ್ಲು, ಸಂಡೂರು ದಾರಿಯಲ್ಲಿ ಓಡಾಡುವ ಗಾಡಿಯ ಇಂಜಿನ್ ಮೇಲೆ ಅದಿರಿನ ಕೆಂಪು ಧೂಳು ಕೂತಿರುತ್ತದೆ. ನೀರು ಹರಿದ ಕಡೆ ಆ ಧೂಳು ತೊಳೆದು ಗೆರೆ ಬಿದ್ದಿರುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ, ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರಿಕೆ. ಧೂಳಿಲ್ಲದ ಗಾಡಿ ಆದರೆ ಒರೆಸಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ. ಪ್ರೆಶರ್ ಟೆಸ್ಟರ್ ಇದ್ದರೆ ಇನ್ನೂ ಒಳ್ಳೆಯದು. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಿ, ಜಾಸ್ತಿ ಬೇಡ.

ಬೋಲ್ಟ್ ಯಾಕೆ ಹಿಡಿಯುತ್ತದೆ

ಬೋಲ್ಟು ಉಕ್ಕು. ಪಂಪಿನ ಬಾಡಿ ಅಲ್ಯೂಮಿನಿಯಂ, ಈಗಿನ ಎಷ್ಟೋ ಕಾರುಗಳಲ್ಲಿ ಬ್ಲಾಕ್ ಕೂಡ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ಉಪ್ಪಿನಂಶ ಇರುವ ನೀರು ಸೇರಿದರೆ ಅದು ಸಣ್ಣ ಬ್ಯಾಟರಿ ಆದ ಹಾಗೆ. ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಆಗುತ್ತದೆ. ಆ ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ತೂತಿನೊಳಗೆ ಜಾಗ ಎಲ್ಲಿದೆ? ಬೋಲ್ಟನ್ನು ಸುತ್ತಲಿಂದ ಅಮುಕಿ ಹಿಡಿಯುತ್ತದೆ.

ಇದಕ್ಕೆ ನಮ್ಮ ಊರಿನ ನೀರೂ ಕಾರಣ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ದಾರಿಯಲ್ಲಿ ಗಾಡಿ ಬಿಸಿಯಾಗುತ್ತದೆ. ಪಕ್ಕದ ಹೋಟೆಲಿನಿಂದಲೋ ಹೊಲದಿಂದಲೋ ಒಂದು ಬಾಟಲಿ ಬೋರ್ ನೀರು ತಂದು ಸುರಿಯುತ್ತೇವೆ. ಅವತ್ತಿಗೆ ಅದು ಬೇಕೇ ಬೇಕು, ತಪ್ಪಲ್ಲ. ಆದರೆ ಆ ಸವಳು ನೀರು ಅಲ್ಲೇ ಉಳಿಯುತ್ತದೆ. ಹಾಗೆ ನಾಲ್ಕೈದು ಸಲ ಆದರೆ ಕೂಲೆಂಟ್ ತೆಳ್ಳಗಾಗಿ ತುಕ್ಕು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸುಣ್ಣದ ಪದರ, ಉಪ್ಪು ಎರಡೂ ಸೇರಿಕೊಳ್ಳುತ್ತವೆ.

ಬ್ಲಾಕ್ ಎರಕದ ಕಬ್ಬಿಣದ್ದಾದರೆ ಥ್ರೆಡ್ಡಿನಲ್ಲಿ ಕಾಣುವುದು ಬಿಳಿ ಪುಡಿ ಅಲ್ಲ, ಕೆಂಪು ತುಕ್ಕು. ಇಲ್ಲಿ ಬಳ್ಳಾರಿಯವರು ಒಮ್ಮೆ ಮೋಸ ಹೋಗಬಹುದು, ಯಾಕೆಂದರೆ ಅದಿರಿನ ಧೂಳೂ ಅದೇ ಬಣ್ಣ. ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಧೂಳಾದರೆ ಹೋಗುತ್ತದೆ, ತುಕ್ಕಾದರೆ ಉಳಿಯುತ್ತದೆ. ಬ್ಲಾಕಿಗೆ ಅಯಸ್ಕಾಂತ ಹಿಡಿದು ನೋಡಿದರೆ ಯಾವ ಲೋಹ ಅಂತ ಅನುಮಾನವೇ ಇರಲ್ಲ.

ಮುರಿಯುವ ಮುಂಚೆ ಕೈಗೆ ಸಿಗುವ ಸೂಚನೆ

ಪಂಪಿನ ಬೋಲ್ಟುಗಳು ಸಾಮಾನ್ಯವಾಗಿ 6 ಅಥವಾ 8 ಮಿ.ಮೀ. ದಪ್ಪದವು. 6ರ ಬೋಲ್ಟಿಗೆ ಹೆಚ್ಚಾಗಿ 10ರ ಪಾನಾ ಕೂರುತ್ತದೆ. ಅದನ್ನು ಬಿಗಿಯುವುದೇ ಸುಮಾರು 10 ನ್ಯೂಟನ್ ಮೀಟರಿಗೆ. ಇದು ಎಷ್ಟು ಕಡಿಮೆ ಅಂದರೆ, 25 ಸೆಂ.ಮೀ. ಉದ್ದದ ಹಿಡಿಕೆಯ ತುದಿಯಲ್ಲಿ 4 ಕಿಲೋ ತೂಕ ನೇತುಹಾಕಿದಷ್ಟು. ಹಿಡಿದ ಬೋಲ್ಟಿಗೆ ಪೈಪ್ ಹಾಕಿ ಎಳೆದರೆ ಉಳಿಯುವುದು ಹೇಗೆ? 6ರ ಬೋಲ್ಟಿಗೆ ಪೈಪೂ ಬೇಡ, ಇಂಪ್ಯಾಕ್ಟ್ ಗನ್ನೂ ಬೇಡ. ಗಿಡ್ಡ ಹಿಡಿಕೆ ಹಿಡಿಯಿರಿ. ಆಗ ಬೋಲ್ಟ್ ಏನು ಹೇಳುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ.

ಚೆನ್ನಾಗಿ ಬಿಡುವ ಬೋಲ್ಟು ಒಂದೇ ಸಲ 'ಕ್ರಕ್' ಅಂತ ಸದ್ದು ಮಾಡಿ ಬಿಡುತ್ತದೆ. ಆಮೇಲೆ ಪಾನಾ ನಿಲ್ಲಿಸಿದ ಕಡೆಯೇ ನಿಲ್ಲುತ್ತದೆ. ಮುರಿಯಲಿರುವ ಬೋಲ್ಟು ಸ್ಪ್ರಿಂಗ್ ಹಾಗೆ ಆಡುತ್ತದೆ. ತಲೆ ಸ್ವಲ್ಪ ತಿರುಗುತ್ತದೆ, ಕೈ ಸಡಿಲ ಬಿಟ್ಟರೆ ವಾಪಸ್ ಬರುತ್ತದೆ. ತಲೆ ಮಾತ್ರ ತಿರುಗುತ್ತಿದೆ, ಕೆಳಗೆ ಬೋಲ್ಟ್ ಅಲುಗಾಡಿಲ್ಲ, ನಡುವೆ ಕಬ್ಬಿಣ ತಿರುಚುತ್ತಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಬೇಕು. ಬೋಲ್ಟಿನ ತಲೆಗೆ ಮಾರ್ಕರಿನಿಂದ ಒಂದು ಗೆರೆ, ಪಕ್ಕದ ಪಂಪಿನ ಮೇಲೂ ಒಂದು ಗೆರೆ ಹಾಕಿ. ಕೈ ಬಿಟ್ಟಾಗ ಗೆರೆಗಳು ಮತ್ತೆ ಒಂದಾದರೆ ಬೋಲ್ಟ್ ತಿರುಗಿಲ್ಲ.

ಆಗ ತುಕ್ಕು ಬಿಡಿಸುವ ಎಣ್ಣೆ ಹಾಕಿ. ತಲೆಗೆ ಪಂಚ್ ಇಟ್ಟು ಸಣ್ಣ ಸುತ್ತಿಗೆಯಿಂದ ನೇರವಾಗಿ ಹತ್ತಿಪ್ಪತ್ತು ಏಟು ಹಾಕಿ. ಜೋರು ಬೇಡ, ಹದವಾದ ಏಟು ಸಾಕು. ಪುಡಿ ಬಿರುಕು ಬಿಟ್ಟರೆ ಎಣ್ಣೆ ಇಳಿಯೋಕೆ ದಾರಿ ಆಗುತ್ತದೆ. ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಹಿಂದೆ ಮುಂದೆ, ಹಿಂದೆ ಮುಂದೆ.

ಬಿಸಿ ಕೊಡುವುದು ಅಲ್ಯೂಮಿನಿಯಂನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅಷ್ಟೇ ಬಿಸಿಗೆ ಉಕ್ಕು ಹಿಗ್ಗುವುದರ ಸುಮಾರು ಎರಡರಷ್ಟು ಅಲ್ಯೂಮಿನಿಯಂ ಹಿಗ್ಗುತ್ತದೆ. 100 ಡಿಗ್ರಿ ಏರಿದರೆ 6 ಮಿ.ಮೀ. ತೂತು ಬೋಲ್ಟಿಗಿಂತ ಹೆಚ್ಚುವರಿ ಹಿಗ್ಗುವುದು ಒಂದು ಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಭಾಗ. ಅಷ್ಟೇ ಸಾಕು, ಹಿಡಿತ ಬಿಡುತ್ತದೆ. ಹಾಟ್ ಏರ್ ಗನ್ನಿನಿಂದ ಬೋಲ್ಟಿನ ಸುತ್ತಲಿನ ಲೋಹವನ್ನು ಕಾಯಿಸಿ. ನೀರಿನ ಹನಿ ಹಾಕಿದರೆ ಚುರ್ ಅನ್ನುವಷ್ಟು ಆದರೆ ಸಾಕು. ಗ್ಯಾಸ್ ಟಾರ್ಚ್ ಎರಕದ ಕಬ್ಬಿಣಕ್ಕೆ ಸರಿ. ಅಲ್ಯೂಮಿನಿಯಂ ಮೇಲೆ ಹಿಡಿಯಲು ತುಂಬ ಅನುಭವ ಬೇಕು, ಯಾಕೆಂದರೆ ಅದು ಕೆಂಪಾಗಿ ಎಚ್ಚರಿಕೆ ಕೊಡದೆ ಒಂದೇ ಸಲಕ್ಕೆ ಕುಸಿಯುತ್ತದೆ. ಪಕ್ಕದ ರಬ್ಬರ್ ಸೀಲ್, ಬೆಲ್ಟ್, ವೈರುಗಳಿಗೆ ಒದ್ದೆ ಬಟ್ಟೆ ಸುತ್ತಿ. ಕಾಯಿಸುವ ಮುಂಚೆ ಎಣ್ಣೆ, ಬ್ರೇಕ್ ಕ್ಲೀನರ್ ಎಲ್ಲ ಒರೆಸಿ ಒಣಗಿಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿಸಿಗೆ ವಿಷದ ಗಾಳಿ ಬಿಡುತ್ತದೆ. ಇದನ್ನು ಹಗುರವಾಗಿ ತೊಗೋಬೇಡಿ.

ಮುರಿದೇ ಬಿಟ್ಟಿತು. ಈಗ?

ಡ್ರಿಲ್ ಕೆಳಗಿಡಿ. ಉಳಿದ ಬೋಲ್ಟುಗಳನ್ನೆಲ್ಲ ಬಿಚ್ಚಿ ಪಂಪನ್ನು ಹೊರಗೆ ತೆಗೆಯುವುದು ಮೊದಲ ಕೆಲಸ. ಯಾಕೆ ಅಂತ ಹೇಳುತ್ತೇನೆ.

ಪಂಪಿನ ಬೋಲ್ಟ್ ಎರಡು ಜಾಗದಲ್ಲಿ ಹಾದುಹೋಗುತ್ತದೆ. ಮೊದಲು ಪಂಪಿನ ಬಾಡಿಯ ತೂತು, ಅಲ್ಲಿ ಥ್ರೆಡ್ ಇರುವುದಿಲ್ಲ. ಆಮೇಲೆ ಬ್ಲಾಕಿನ ಥ್ರೆಡ್. ಎಷ್ಟೋ ಸಲ ಹಿಡಿದಿರುವುದು ಪಂಪಿನ ತೂತಿನಲ್ಲಿ ಮಾತ್ರ. ಪಂಪ್ ಹೊರಗೆ ಬಂದರೆ ಉಳಿದ ತುಂಡು ಗೂಟದ ಹಾಗೆ ಎದ್ದು ನಿಲ್ಲುತ್ತದೆ. ಬುಡದಲ್ಲಿ ಥ್ರೆಡ್ ಸಡಿಲವಾಗಿಯೇ ಇರುತ್ತದೆ. ಆ ಸಿರುಗುಪ್ಪದ ಕಾರಿನ ಮೊದಲ ಬೋಲ್ಟ್ ಹೀಗೇ ಆಗಿದ್ದು. ಪಂಪ್ ತೆಗೆದಾಗ ಬೋಲ್ಟಿನ ನಡುಭಾಗಕ್ಕೆ ಒದ್ದೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಮೆತ್ತಿತ್ತು. ಬುಡದ ಥ್ರೆಡ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ವೈಸ್ ಗ್ರಿಪ್ಪಿನಿಂದ (ಕಚ್ಚಿ ಲಾಕ್ ಆಗುವ ಇಕ್ಕಳ) ಹಿಡಿದು ತಿರುಗಿಸಿದರೆ ಒಂದು ಸುತ್ತಿನ ನಂತರ ಬೆರಳಿಗೇ ಬಂತು.

ತಲೆ ಮುರಿದ ಬೋಲ್ಟಿನಿಂದ ಪಂಪನ್ನು ಎಳೆಯಲು ತಾಳ್ಮೆ ಬೇಕು. ಬಾಡಿಯನ್ನು ಕಾಯಿಸಿ, ರಬ್ಬರ್ ಅಥವಾ ಮರದ ಸುತ್ತಿಗೆಯಿಂದ ಎಡಕ್ಕೆ ಬಲಕ್ಕೆ ತಟ್ಟಿ. ಪಂಪಿಗೂ ಬ್ಲಾಕಿಗೂ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಗೀರು ಬಿದ್ದರೆ ಹೊಸ ಪಂಪ್ ಹಾಕಿದ ಮೇಲೂ ಸೋರುತ್ತದೆ. ಹಳೆ ಪಂಪ್ ಗುಜರಿಗೆ ಹೋಗೋದು ತಾನೇ ಅಂತ ಒಡೆಯಲೂ ಬೇಡಿ. ಅದು ಆಮೇಲೆ ಬೇಕಾಗುತ್ತದೆ.

ತುಂಡು 5 ಮಿ.ಮೀ.ಗಿಂತ ಜಾಸ್ತಿ ಹೊರಗಿದ್ದರೆ ವೈಸ್ ಗ್ರಿಪ್, ಇಲ್ಲವೇ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು ಒಳಗಿನ ನಟ್ಟನ್ನು ಬಿಚ್ಚುವ ಕಡೆ ತಿರುಗಿಸುವುದು. ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ.

ತುಂಡು ಮೇಲ್ಮೈಗೆ ಸಮ ಇದ್ದರೆ, ಸ್ವಲ್ಪ ಒಳಗಿದ್ದರೂ ಸರಿ, ನನ್ನ ಮೊದಲ ಆಯ್ಕೆ ವೆಲ್ಡಿಂಗ್. ಬ್ಯಾಟರಿಯ ನೆಗೆಟಿವ್ ತೆಗೆದು, ವೆಲ್ಡಿಂಗಿನ ಅರ್ಥ್ ಕ್ಲ್ಯಾಂಪನ್ನು ಕೆಲಸದ ಹತ್ತಿರವೇ ಹಾಕಿ. ತುಂಡಿನ ಮೇಲೆ ಒಂದು ವಾಷರ್ ಇಟ್ಟು ಅದರ ತೂತಿನೊಳಗೆ ಮಿಗ್ ವೆಲ್ಡ್ (ತಂತಿ ತಾನಾಗಿ ಬರುವ ವೆಲ್ಡಿಂಗ್) ತುಂಬಿ, ಆಮೇಲೆ ವಾಷರ್ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಅದೇ ಇಲ್ಲಿ ನಮ್ಮ ಅದೃಷ್ಟ. ವೆಲ್ಡಿನ ಬಿಸಿಗೆ ಬೋಲ್ಟ್ ಹಿಗ್ಗಿ, ತಣ್ಣಗಾಗುತ್ತಾ ಕುಗ್ಗಿ, ಪುಡಿಯ ಹಿಡಿತ ತಾನಾಗಿ ಒಡೆಯುತ್ತದೆ. ಕೆಂಪು ಹೋದ ಮೇಲೆ, ಇನ್ನೂ ಬೆಚ್ಚಗಿರುವಾಗ, ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ನಟ್ ಕಿತ್ತು ಬಂದರೆ ಬೇಜಾರಾಗಬೇಡಿ, ಇನ್ನೊಂದು ನಟ್ ಇಡಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬಂದದ್ದು ಎಷ್ಟೋ ಸಲ ಇದೆ.

ಈಸಿ ಔಟ್ ಬಗ್ಗೆ ಒಂದು ಮಾತು. ತೂತು ಹೊಡೆದು, ಉಲ್ಟಾ ಥ್ರೆಡ್ ಇರುವ ಆ ಮೊಳೆಯನ್ನು ಬಿಗಿದರೆ ತುಂಡು ಹೊರಗೆ ಬರಬೇಕು ಅಂತ ಲೆಕ್ಕ. ಅದು ಅತಿ ಗಟ್ಟಿ ಉಕ್ಕು, ಹಾಗಾಗಿ ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. 6 ಮಿ.ಮೀ. ಬೋಲ್ಟಿನೊಳಗೆ ಹೋಗುವ ಈಸಿ ಔಟ್ ಕಡ್ಡಿಯಷ್ಟು ಸಣ್ಣದು. ಇಡೀ ಬೋಲ್ಟನ್ನೇ ಮುರಿದ ಹಿಡಿತವನ್ನು ಅದು ಬಿಡಿಸುತ್ತದಾ? ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ, ಕೊರೆಯುವುದಿಲ್ಲ. ಥ್ರೆಡ್ ಹಿಡಿಯದೆ ಬರೀ ಜಾಸ್ತಿ ಬಿಗಿದು ಮುರಿದ ಬೋಲ್ಟಿಗೆ ಈಸಿ ಔಟ್ ಸರಿ. ತುಕ್ಕು ಹಿಡಿದದ್ದಕ್ಕೆ ನಾನು ಹಾಕುವುದಿಲ್ಲ.

ಕೊರೆಯಲೇಬೇಕಾದರೆ

ಎರಡನೆಯ ಬೋಲ್ಟ್ ಬ್ಲಾಕಿನ ಮುಖದಿಂದ 2 ಮಿ.ಮೀ. ಒಳಗೆ ಮುರಿದಿತ್ತು. ಆ ತೂತಿನ ಹಿಂಬದಿ ಬ್ಲಾಕಿನೊಳಗೆ ನೀರು ಓಡಾಡುವ ಕೋಣೆಗೆ ತೆರೆದುಕೊಂಡಿತ್ತು. ಹಿಂದೆ ಪಂಪ್ ಹಾಕಿದವರು ಆ ಬೋಲ್ಟಿಗೆ ಸೀಲೆಂಟ್ ಹಚ್ಚಿರಲಿಲ್ಲ. ವರ್ಷಗಟ್ಟಲೆ ನೀರು ಥ್ರೆಡ್ಡಿನ ಉದ್ದಕ್ಕೂ ತೆವಳಿ ಬಂದಿತ್ತು. ಎರಡು ಸಲ ನಟ್ ವೆಲ್ಡ್ ಮಾಡಿದೆವು, ಎರಡೂ ಕಿತ್ತು ಬಂದವು. ಕೊರೆಯುವುದೇ ಉಳಿದ ದಾರಿ.

ಕೊರೆಯುವಾಗ ಒಂದೇ ದೊಡ್ಡ ಶತ್ರು: ಬಿಟ್ ಪಕ್ಕಕ್ಕೆ ಜಾರುವುದು. ಉಕ್ಕು ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆತ್ತಗೆ. ಸ್ವಲ್ಪ ದಾರಿ ತಪ್ಪಿದರೂ ಬಿಟ್ ಮೆತ್ತಗಿನ ಕಡೆಗೇ ಓಡುತ್ತದೆ. ಮುರಿದ ಮುಖವೂ ಸಮ ಇರುವುದಿಲ್ಲ. ಬರೀ ಸೆಂಟರ್ ಪಂಚ್ ನಂಬಿ ಕೊರೆದರೆ ನಡುವೆ ಬೀಳುವುದು ಅಪರೂಪ.

ಹಳೆ ಪಂಪ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ತೂತು ಸರಿಯಾಗಿ ಬೋಲ್ಟಿನ ನೇರಕ್ಕೇ ಇದೆ ಅಲ್ವಾ? ಪಂಪಿನ ಆ ತೂತಿನ ಒಳ ಅಳತೆ ತೆಗೆದು, ಪಕ್ಕದ ಲೇತ್ ಅಂಗಡಿಯಲ್ಲಿ ಅದರೊಳಗೆ ಬಿಗಿಯಾಗಿ ಕೂರುವ ಒಂದು ಬುಷ್ (ನಡುವೆ ತೂತಿರುವ ಲೋಹದ ಕೊಳವೆ) ಮಾಡಿಸಿದೆವು. ಬುಷ್ಷಿನ ನಡುವೆ 3 ಮಿ.ಮೀ. ತೂತು. ಹಳೆ ಪಂಪನ್ನು ಉಳಿದ ಬೋಲ್ಟುಗಳಿಂದ ವಾಪಸ್ ಬ್ಲಾಕಿಗೆ ಕಟ್ಟಿ, ಬುಷ್ ಕೂರಿಸಿ, ಅದರ ಮೂಲಕ 3ರ ಬಿಟ್ ಇಳಿಸಿದೆವು. ಬಿಟ್ ಎಲ್ಲಿಗೂ ಓಡಲು ಜಾಗವೇ ಇರಲಿಲ್ಲ. ಹದಿನೈದು ನಿಮಿಷದ ಲೇತ್ ಕೆಲಸಕ್ಕೆ ಬ್ಲಾಕ್ ಉಳಿಯಿತು.

ಸ್ಪೀಡ್ ಕಡಿಮೆ ಇರಲಿ, ಎಣ್ಣೆ ಹಾಕುತ್ತಾ ಇರಿ, ಹೊರಗೆ ಬರುವ ಚೂರು ನೋಡುತ್ತಾ ಇರಿ. ಉಕ್ಕಿನ ಚೂರು ಕಪ್ಪಾಗಿ, ಗಟ್ಟಿಯಾಗಿ, ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಗೆ ಮೆತ್ತಗಿನ ಚೂರು ಕಂಡರೆ ಬಿಟ್ ಗೋಡೆಗೆ ಹೋಗಿದೆ, ತಕ್ಷಣ ನಿಲ್ಲಿಸಿ. ಎಷ್ಟು ಆಳ ಹೋಗಬೇಕು ಅಂತ ಹೊಸ ಬೋಲ್ಟಿನಿಂದ ಅಳೆದು ಬಿಟ್ಟಿಗೆ ಟೇಪ್ ಸುತ್ತಿ. ಉಲ್ಟಾ ಸುತ್ತಿನ ಬಿಟ್ ಸಿಕ್ಕರೆ ಅದನ್ನೇ ಹಾಕಿ, ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿ. ಕೊರೆಯುವ ಬಿಸಿ, ಅದುರಾಟ ಎರಡೂ ಸೇರಿ ಕೆಲವು ಸಲ ತುಂಡು ತಾನೇ ಬಿಚ್ಚಿಕೊಂಡು ಬರುತ್ತದೆ.

3 ಆದ ಮೇಲೆ 4, ಕೊನೆಗೆ 5. ಸಾಮಾನ್ಯ 6 ಮಿ.ಮೀ. ಬೋಲ್ಟಿನ ಥ್ರೆಡ್ 1 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ), ಅದಕ್ಕೆ ಟ್ಯಾಪ್ ತೂತು, ಅಂದರೆ ಥ್ರೆಡ್ ಕೊರೆಯುವ ಟ್ಯಾಪ್ ಇಳಿಸುವ ಮುಂಚಿನ ತೂತು, 5. ಅಲ್ಲಿಗೆ ನಿಲ್ಲಿಸಿದರೆ ಹಳೆ ಬೋಲ್ಟಿನ ಥ್ರೆಡ್ ಮಾತ್ರ ತೆಳು ಸುರುಳಿಯಾಗಿ ಉಳಿಯುತ್ತದೆ. ಚೂಪು ಸೂಜಿಯಿಂದ ಮೊದಲ ಸುತ್ತನ್ನು ಒಳಕ್ಕೆ ಮಡಿಸಿ ಎಳೆದರೆ ಸ್ಪ್ರಿಂಗ್ ಹಾಗೆ ಬಿಚ್ಚಿ ಬರುತ್ತದೆ. ನಮ್ಮದು ಎರಡು ತುಂಡಾಗಿ ಬಂತು. ಒಳಗೆ ಮೂಲ ಥ್ರೆಡ್ ಹಾಗೇ ಇತ್ತು. 6ರ ಟ್ಯಾಪಿಗೆ ಗ್ರೀಸ್ ಹಚ್ಚಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ಓಡಿಸಿ ಶುಚಿ ಮಾಡಿದೆವು. 8ರ ಬೋಲ್ಟಿಗೆ ಪಿಚ್ 1.25 ಇದ್ದರೆ ಟ್ಯಾಪ್ ತೂತು 6.8.

ಥ್ರೆಡ್ ಹೋಗಿಬಿಟ್ಟಿದ್ದರೂ ಬ್ಲಾಕ್ ಕೆಟ್ಟಿತು ಅಂತ ಅಲ್ಲ. ಹೆಲಿಕಾಯ್ಲ್ ಹಾಕಿಸಿ. ಸ್ಟೀಲ್ ಸ್ಪ್ರಿಂಗಿನ ಆ ಥ್ರೆಡ್ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಬಾಳಿಕೆ ಬರುತ್ತದೆ. ಅದಕ್ಕೆ ಅದರದೇ ಟ್ಯಾಪ್ ಬೇಕು, ಮಾಮೂಲಿ ಟ್ಯಾಪ್ ನಡೆಯುವುದಿಲ್ಲ. ಥ್ರೆಡ್ ಹೋದ ತೂತಿಗೆ ಎಂ-ಸೀಲ್ ತುಂಬಿ ಬೋಲ್ಟ್ ಕೂರಿಸಿದ ಗಾಡಿಗಳನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೆದ್ದಾರಿಯಲ್ಲಿ ಅದು ಬಿಟ್ಟರೆ ಇಂಜಿನ್ನೇ ಹೋಗುತ್ತದೆ.

ಕೊರೆದ ಚೂರು ನೀರಿನ ಕೋಣೆಗೆ ಬೀಳದ ಹಾಗೆ ಮೊದಲೇ ಪಂಪಿನ ಬಾಯಿಗೆ ಗ್ರೀಸ್ ಹಚ್ಚಿದ ಬಟ್ಟೆ ತುಂಬಿರಬೇಕು. ಆಮೇಲೆ ಒಳಗೆಲ್ಲ ನೀರು ಹಾಯಿಸಿ ತೊಳೆಯಿರಿ. ಕುರುಡು ತೂತಾದರೆ, ಅಂದರೆ ತಳ ಮುಚ್ಚಿದ ತೂತಾದರೆ, ಒಳಗಿನ ಎಣ್ಣೆ, ನೀರನ್ನು ಗಾಳಿ ಹಾಕಿ ಪೂರ್ತಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಎಣ್ಣೆ ತುಂಬಿದ ಕುರುಡು ತೂತಿಗೆ ಬೋಲ್ಟ್ ಬಿಗಿದರೆ ಎಣ್ಣೆಗೆ ಹೋಗಲು ಜಾಗ ಇರುವುದಿಲ್ಲ, ಎರಕವೇ ಬಿರುಕು ಬಿಡುತ್ತದೆ.

ಜೋಡಿಸುವಾಗ

ಪಂಪಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ಬಿಚ್ಚುವಾಗಲೇ ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು ತೂತು ಮಾಡಿ, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳ ಒಡೆಯುತ್ತದೆ. ಗಿಡ್ಡದ್ದು ಉದ್ದದ ತೂತಿಗೆ ಹೋದರೆ ಎರಡು ಮೂರು ಸುತ್ತು ಥ್ರೆಡ್ಡಿನ ಮೇಲೆ ಭಾರ ಬಿದ್ದು ಕಿತ್ತು ಬರುತ್ತದೆ.

ಎಲ್ಲ ಬೋಲ್ಟೂ ಹೊಸದು ಹಾಕಿ, ಚೆನ್ನಾಗಿ ಬಂದವುಗಳ ಬದಲಿಗೂ. ನೀರಿನ ಕೋಣೆಗೆ ತೆರೆದ ತೂತಿನ ಬೋಲ್ಟಿಗೆ ಥ್ರೆಡ್ ಸೀಲೆಂಟ್, ಉಳಿದವುಗಳ ನಡುಭಾಗಕ್ಕೆ ತೆಳ್ಳಗೆ ಆಂಟಿ ಸೀಜ್ (ಬೋಲ್ಟ್ ಹಿಡಿಯದ ಹಾಗೆ ತಡೆಯುವ ಪೇಸ್ಟ್). ಥ್ರೆಡ್ಡಿಗೂ ಅದು ತಾಗಿದ್ದರೆ ಕೈಪಿಡಿಯಲ್ಲಿ ಬರೆದ ಬಿಗಿತಕ್ಕಿಂತ ಸ್ವಲ್ಪ ಕಡಿಮೆ ಬಿಗಿಯಿರಿ, ಆ ಅಂಕಿ ಒಣ ಥ್ರೆಡ್ಡಿನದು. ಮೊದಲು ಎಲ್ಲವನ್ನೂ ಬೆರಳಿನಿಂದ, ಆಮೇಲೆ ಎದುರು ಬದುರಾಗಿ ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ. ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವ ಗಾಡಿಯಾದರೆ, ಕೂಲೆಂಟ್ ಬಿದ್ದ ಬೆಲ್ಟನ್ನು ವಾಪಸ್ ಹಾಕಬೇಡಿ.

ತುಂಬಲು ಕಂಪನಿ ಹೇಳಿದ ಕೂಲೆಂಟ್. ಬೆರೆಸಬೇಕಾದ ಜಾತಿಯಾದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಜೊತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬಿಯ ಮೇಲಿನ ಬರಹ ನೋಡಿ. ಕೂಲೆಂಟಿನ ದಾರಿಯಲ್ಲಿ ಸಿಕ್ಕಿದ ಗಾಳಿ ತೆಗೆಯುವಾಗ ಹೀಟರ್ ಆನ್ ಇರಲಿ. ಒಮ್ಮೆ ಬಿಸಿಯಾಗಿ ತಣ್ಣಗಾದ ಮೇಲೆ ಮಟ್ಟ ನೋಡಿ, ಪಂಪಿನ ಕೆಳಗೆ ಒಣ ಬಟ್ಟೆ ಹಾಯಿಸಿ ನೋಡಿ. ಹಳೆ ಕೂಲೆಂಟ್ ಇರುವ ಟ್ರೇಯನ್ನು ಮುಚ್ಚಿಡಿ. ಅದು ಸಿಹಿ ಇರುತ್ತದೆ, ನಾಯಿ, ಕರು ಬಂದು ಕುಡಿದರೆ ಸಾಯುತ್ತವೆ.

ಆ ರೈತರು ಮರುದಿನ ಸಂಜೆ ಗಾಡಿ ತೊಗೊಂಡು ಹೋದರು. ಎರಡೂ ಬೋಲ್ಟುಗಳ ಮುರಿದ ತುಂಡುಗಳನ್ನು ಕಾಗದದಲ್ಲಿ ಕಟ್ಟಿ ಅವರ ಕೈಗೆ ಕೊಟ್ಟೆ. ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ನೋಡಿದರು. "ಇದು ನಮ್ಮ ಬೋರಿನ ನೀರೇ ಏನ್ರೀ?" ಅಂದರು. ಹೌದು, ಅದರ ಪಾಲು ದೊಡ್ಡದು ಅಂದೆ. ಈಗ ಅವರ ಡಿಕ್ಕಿಯಲ್ಲಿ ಬೆರೆಸಿಟ್ಟ ಎರಡು ಲೀಟರ್ ಕೂಲೆಂಟಿನ ಕ್ಯಾನ್ ಇರುತ್ತದೆ.